ಹಡಗು ಏರುವ ಮುನ್ನ ಎರಡು ರಾತ್ರಿ ಎಲ್ಲಿ ತಂಗಬೇಕು?

ಪ್ರಶ್ನೆ: ದಸರಾ ರಜೆಯಲ್ಲಿ ನಾವು ಐದು ಜನ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ನಾಲ್ಕು ರಾತ್ರಿಯ ಕ್ರೂಸ್ ಹೋಗುವುದು ಅಂತ ನಿಶ್ಚಯವಾಗಿದೆ. ನಾನು, ನಮ್ಮ ಯಜಮಾನರು, ಒಂಬತ್ತನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ ಮತ್ತು ನಮ್ಮ ಅತ್ತೆ. ಅತ್ತೆಗೆ ಈಗ 68 ವರ್ಷ. ಬಲಗಾಲಿನ ಮಂಡಿ ಬದಲಿಸುವ ಆಪರೇಷನ್ ಆಗಿದೆ. ನಡೆಯುತ್ತಾರೆ, ಆದರೆ ಮೆಟ್ಟಿಲು ಅಂದರೆ ಕಷ್ಟ. ಹೊರಗಿನ ಊಟವೂ ಅಷ್ಟಾಗಿ ಒಗ್ಗುವುದಿಲ್ಲ.

ಹಡಗು ಹೊರಡುವುದು ಸೋಮವಾರ ಸಂಜೆ. ನಮ್ಮ ವಿಮಾನ ಶನಿವಾರ ಬೆಳಿಗ್ಗೆ ಆರಕ್ಕೆ ಅಲ್ಲಿ ಇಳಿಯುತ್ತದೆ. ನಡುವಿನ ಎರಡು ರಾತ್ರಿಗೆ ಹೋಟೆಲ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಜಮಾನರು ಬಂದರಿನ ಪಕ್ಕದಲ್ಲೇ ನೋಡು, ಹಡಗು ತಪ್ಪಿದರೆ ದುಡ್ಡೆಲ್ಲ ನೀರುಪಾಲು ಅನ್ನುತ್ತಾರೆ. ಮಗಳಿಗೆ ಮೂರು ಗೋಪುರದ ಮೇಲೆ ಹಡಗು ಕೂರಿಸಿದ ಹಾಗಿದೆಯಲ್ಲ, ಆ ಹೋಟೆಲ್ಲೇ ಬೇಕು; ಆಗದಿದ್ದರೆ ಅದು ಕಾಣುವ ಕಡೆಯಾದರೂ ಇರಬೇಕು. ಯಜಮಾನರ ಸ್ನೇಹಿತರೊಬ್ಬರು ಲಿಟಲ್ ಇಂಡಿಯಾ ಕಡೆ ಮಾತ್ರ ಹೋಗಬೇಡಿ, ಭಾನುವಾರ ಕಾಲಿಡಲೂ ಜಾಗ ಇರಲ್ಲ, ಒಂಥರಾ ಜನ, ಗೇಲಾಂಗ್‌ನಲ್ಲಿ ಅರ್ಧ ರೇಟಿಗೆ ಸಿಗುತ್ತೆ ಅಂದರು. ನನ್ನ ಓರಗಿತ್ತಿ ಅಡುಗೆಮನೆ ಇರುವ ಫ್ಲ್ಯಾಟ್ ತಗೊಳ್ಳಿ, ಅತ್ತೆಗೆ ಅನ್ನ ಸಾರು ಆಗುತ್ತೆ ಅಂತ ಲಿಂಕ್ ಕಳಿಸಿದ್ದಾಳೆ. ಅತ್ತೆಯನ್ನೇ ಕೇಳಿದರೆ, 'ನನ್ನನ್ನ ನೋಡ್ಕೊಂಡು ಏನೂ ಮಾಡ್ಬೇಡಮ್ಮ, ಎಲ್ಲಿ ಹಾಕಿದ್ರೂ ಇರ್ತೀನಿ' ಅಂತಾರೆ. ನಾನು ಯಾವುದನ್ನು ಆರಿಸಿದರೂ ಏನಾದರೂ ಎಡವಟ್ಟಾದರೆ ಮಾತು ಬರುವುದು ನನಗೇ. ಯಾವ ಏರಿಯಾ ಹಿಡಿಯಲಿ?

— ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಯಜಮಾನರ ಭಯವನ್ನು ಕಳೆಯೋಣ. ಉಳಿದವರ ಮಾತನ್ನೆಲ್ಲ ಅದುಮಿ ಕೂತಿರುವುದು ಅದೇ. ಹಡಗು ಯಾರಿಗೂ ಕಾಯುವುದಿಲ್ಲ, ಅವರು ಹೇಳುವುದು ನಿಜ. ಹಡಗು ಬಿಡುವ ದಿನವೇ ವಿಮಾನ ಇಳಿಯುವವರಿಗೆ ಆ ಭಯ ಇರಲೇಬೇಕು. ನೀವು ಎರಡು ದಿನ ಮುಂಚೆ ಇಳಿಯುತ್ತಿದ್ದೀರಿ. ವಿಮಾನ ಅರ್ಧ ದಿನ ತಡವಾದರೂ ಹಡಗು ಸಿಗುತ್ತದೆ. ಅಪಾಯವನ್ನು ನೀವು ಟಿಕೆಟ್ ತೆಗೆಸಿದ ದಿನವೇ ನಿವಾರಿಸಿಕೊಂಡಾಗಿದೆ. ಅದಕ್ಕಾಗಿ ಹೋಟೆಲ್ಲಿಗೂ ಮತ್ತೊಮ್ಮೆ ದುಡ್ಡು ಸುರಿಯಬೇಕಾಗಿಲ್ಲ.

ಇನ್ನು 'ಬಂದರಿನ ಪಕ್ಕ' ಅನ್ನುವುದು. ಸಿಂಗಪುರದಲ್ಲಿ ಕ್ರೂಸ್ ಹಡಗುಗಳು ನಿಲ್ಲುವ ಟರ್ಮಿನಲ್ ಒಂದಲ್ಲ, ಎರಡು. 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್ ಒಂದು. ದೊಡ್ಡ ಹಡಗುಗಳು ಸಾಮಾನ್ಯವಾಗಿ ಅಲ್ಲಿಂದಲೇ ಹೊರಡುತ್ತವೆ. ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಪುರ ಕ್ರೂಸ್ ಸೆಂಟರ್ ಇನ್ನೊಂದು. ಅದು ವಿವೊಸಿಟಿ ಮಾಲ್‌ಗೆ ಅಂಟಿಕೊಂಡಂತಿದೆ, ಇಂಡೋನೇಷ್ಯಾದ ಬಾತಾಮ್ ದ್ವೀಪದ ಫೆರಿಗಳೂ ಅಲ್ಲಿಂದಲೇ. ಇವೆರಡರ ನಡುವೆ ಹಲವು ಕಿಲೋಮೀಟರ್ ಅಂತರವಿದೆ. ನಿಮ್ಮ ಪತ್ರದಲ್ಲಿ ಟರ್ಮಿನಲ್ ಹೆಸರೇ ಇಲ್ಲ. ಹೋಟೆಲ್ ಹುಡುಕುವುದನ್ನು ಅರ್ಧ ಗಂಟೆ ಬದಿಗಿಟ್ಟು, ಕ್ರೂಸ್ ಕಂಪನಿ ಕಳಿಸಿದ ಟಿಕೆಟ್ ತೆಗೆದು ಯಾವ ಟರ್ಮಿನಲ್ ಅಂತ ನೋಡಿಕೊಳ್ಳಿ. ಸೋಮವಾರ ಮಧ್ಯಾಹ್ನ ಟ್ಯಾಕ್ಸಿಯವನಿಗೆ ಬರೀ 'ಕ್ರೂಸ್ ಟರ್ಮಿನಲ್' ಅಂದರೆ ಸಾಲದು. ಜನ ಹಡಗಿಗೆ ಓಡಬೇಕಾಗಿ ಬರುವುದು ಹೋಟೆಲ್ ದೂರವಿದ್ದದ್ದರಿಂದ ಅಲ್ಲ, ಬೇರೆ ಟರ್ಮಿನಲ್ಲಿಗೆ ಹೋಗಿ ಇಳಿದದ್ದರಿಂದ.

ಬಹುಶಃ ನಿಮ್ಮದು ಮರೀನಾ ಬೇ ಟರ್ಮಿನಲ್ಲೇ ಇರಬೇಕು. ಅದು ಸಮುದ್ರ ತುಂಬಿಸಿ ಮಾಡಿದ ನೆಲದ ತುದಿಯಲ್ಲಿದೆ. ಹತ್ತಿರದಲ್ಲಿ ಮರೀನಾ ಸೌತ್ ಪಿಯರ್ ಎಂಬ ಮೆಟ್ರೋ ನಿಲ್ದಾಣ, ಅಗಲವಾದ ರಸ್ತೆಗಳು, ಖಾಲಿ ಹುಲ್ಲು ಮೈದಾನ. ಬೆಳಿಗ್ಗೆ ಎದ್ದು ಕಾಫಿಗೆ ಹೊರಟರೆ ಸಿಗುವ ಬೀದಿ ಅಲ್ಲಿಲ್ಲ, ಮಾತ್ರೆ ಕೊಳ್ಳಲು ಅಂಗಡಿ ಸಾಲಿಲ್ಲ. ಹೋಟೆಲ್ ಜಾಹೀರಾತಿನಲ್ಲಿ 'ಮರೀನಾ ಬೇ' ಅಂತ ಬರೆದಿದ್ದರೆ ಅದು ಕೊಲ್ಲಿಯ ಸುತ್ತಲಿನ ಎತ್ತರದ ಕಟ್ಟಡಗಳ ಭಾಗ; ಹೆಸರು ಒಂದೇ ಆದರೂ ಪೆಟ್ಟಿಗೆ ಎಳೆದುಕೊಂಡು ಅಲ್ಲಿಂದ ಟರ್ಮಿನಲ್ಲಿಗೆ ನಡೆದು ಹೋಗಲು ಆಗುವುದಿಲ್ಲ. ಅಷ್ಟು ದುಬಾರಿ ಕೊಟ್ಟು ಉಳಿದವರೂ ಸೋಮವಾರ ಟ್ಯಾಕ್ಸಿಯನ್ನೇ ಹತ್ತಬೇಕು. ಐದಾರು ಕಿಲೋಮೀಟರ್ ಹೆಚ್ಚು ದೂರದಿಂದ ಹತ್ತಿದರೆ ಬಾಡಿಗೆ ಕೆಲವು ಡಾಲರ್ ಏರುತ್ತದೆ, ಅಷ್ಟೇ.

ದೂರ ಎಂದರೆ ನಮಗೆ ಎದೆ ಹಾರುವುದು ಬೆಂಗಳೂರಿನ ಅಭ್ಯಾಸ. ಜಯನಗರದಿಂದ ದೇವನಹಳ್ಳಿಗೆ ವಿಮಾನ ಹಿಡಿಯಲು ಹೋದವರಿಗೆ ಎಂಟು ಕಿಲೋಮೀಟರ್ ಅಂದರೂ ಒಂದು ಗಂಟೆ ಅಂತಲೇ ಲೆಕ್ಕ. ಇಡೀ ಸಿಂಗಪುರ ದೇಶ ಸುಮಾರು 735 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಕಾರು ಕೊಳ್ಳಬೇಕಾದರೆ ಮೊದಲು ಹತ್ತು ವರ್ಷದ ಪರವಾನಗಿಯನ್ನು ಹರಾಜಿನಲ್ಲಿ ಹಿಡಿಯಬೇಕು. 1990ರಿಂದ ಈ ಪದ್ಧತಿ ಇದೆ. ಹಾಗಾಗಿ ರಸ್ತೆಯಲ್ಲಿ ಎಷ್ಟು ಕಾರು ಇರಬೇಕೆಂದು ಸರ್ಕಾರವೇ ಹಿಡಿತ ಇಟ್ಟುಕೊಂಡಿದೆ. ನಾನು ಮುಂದೆ ಹೇಳುವ ಜಾಗದಿಂದ ಟರ್ಮಿನಲ್ ಹತ್ತು ಕಿಲೋಮೀಟರಿನ ಒಳಗಿದೆ. ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷ ಅಂದುಕೊಳ್ಳಿ, ಭಯಕ್ಕೆ ಇನ್ನಿಪ್ಪತ್ತು ಸೇರಿಸಿಕೊಳ್ಳಿ. ಈ ಲೆಕ್ಕವನ್ನು ಯಜಮಾನರ ಮುಂದೆ ಇಡಿ.

ಈ ಪ್ರಯಾಣದ ನಿಜವಾದ ಕಷ್ಟ ಸೋಮವಾರದ್ದಲ್ಲ, ಶನಿವಾರ ಬೆಳಗಿನದು. ನಿಮ್ಮ ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡಿದಂತೆ ಕಾಣುವುದಿಲ್ಲ.

ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟ. ಅದಕ್ಕೆ ಮುಂಚೆ ಶಿವಮೊಗ್ಗದಿಂದ ಬೆಂಗಳೂರಿನವರೆಗಿನ ದಾರಿ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ನೀವು ಇಳಿದಾಗ ಅಲ್ಲಿ ಬೆಳಿಗ್ಗೆ ಆರು ಗಂಟೆ, ಅತ್ತೆಯವರ ದೇಹಕ್ಕೆ ಇನ್ನೂ ಮೂರೂವರೆ. ಮಂಡಿ ಮಡಿಸಿ ಕೂತು ಕೂತು ಕಾಲು ಬಿಗಿದಿರುತ್ತದೆ. ಇಮಿಗ್ರೇಷನ್, ಲಗೇಜ್ ಎಲ್ಲ ಮುಗಿಸಿ ಹೋಟೆಲ್ ತಲುಪುವಾಗ ಎಂಟು. ಅಲ್ಲಿ ಕೌಂಟರಿನ ಹುಡುಗಿ ನಗುನಗುತ್ತಲೇ ರೂಮು ಮೂರು ಗಂಟೆಗೆ ಅಂತ ಹೇಳುತ್ತಾಳೆ. ಸಿಂಗಪುರದ ಬಹುತೇಕ ಹೋಟೆಲ್ಲುಗಳಲ್ಲಿ ಚೆಕ್-ಇನ್ ಎರಡು ಅಥವಾ ಮೂರು ಗಂಟೆಗೆ. ಪೆಟ್ಟಿಗೆಗಳನ್ನು ಇಟ್ಟುಕೊಳ್ಳುತ್ತಾರೆ, ಮನುಷ್ಯರನ್ನು ಏಳು ಗಂಟೆ ಕಾಲ ಕೂರಿಸಲು ಅವರ ಲಾಬಿಯಲ್ಲಿ ಒಂದು ಸೋಫಾ ಇದ್ದರೆ ಹೆಚ್ಚು. ನಿದ್ದೆಗೆಟ್ಟ ಮಗ, ಮುಖ ಊದಿಸಿಕೊಂಡ ಮಗಳು, ಕಾಲು ಚಾಚಲು ಜಾಗವಿಲ್ಲದ ಅತ್ತೆ. ನೀವು ಹೆದರುತ್ತಿರುವ ಮಾತು ಹುಟ್ಟುವುದು ಈ ಹೊತ್ತಿನಲ್ಲೇ. ಆದ್ದರಿಂದ ಆ ಏಳು ಗಂಟೆಯನ್ನು ಯಾವ ಏರಿಯಾ ಚೆನ್ನಾಗಿ ಕಳೆಸಿಕೊಡುತ್ತದೆ ಎಂದು ನೋಡಿ ಜಾಗ ಆರಿಸಿ.

ಇದಕ್ಕೆ ದುಡ್ಡಿನ ಪರಿಹಾರವೂ ಒಂದಿದೆ. ಶುಕ್ರವಾರ ರಾತ್ರಿಯಿಂದಲೇ ಒಂದು ರೂಮು ಬುಕ್ ಮಾಡಿ, 'ನಾವು ಬರುವುದು ಶನಿವಾರ ಬೆಳಿಗ್ಗೆ, ರೂಮು ಇಟ್ಟಿರಿ' ಅಂತ ಹೋಟೆಲ್ಲಿಗೆ ಬರೆದು, ಉತ್ತರ ತರಿಸಿಕೊಳ್ಳುವುದು. ಎರಡೂ ರೂಮಿಗೆ ಬೇಡ, ಒಂದೇ ಸಾಕು. ಅತ್ತೆ, ಮಕ್ಕಳು ಮಲಗುತ್ತಾರೆ. ನೀವಿಬ್ಬರು ಸ್ನಾನ ಮುಗಿಸಿ ಹೊರಗೆ ಹೋಗಬಹುದು. ಸಮುದ್ರ ಕಾಣುವ ರೂಮಿಗೆ ಕೊಡುವ ಹೆಚ್ಚುವರಿ ಹಣಕ್ಕಿಂತ ಈ ಹಣ ಸಾರ್ಥಕ. ನನ್ನನ್ನು ಕೇಳಿದರೆ ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಖರ್ಚು ಮಾಡಿ.

ಈಗ ಜಾಗದ ಮಾತು. ನಾನು ಹೇಳುವುದು ಲಿಟಲ್ ಇಂಡಿಯಾ. ಆದರೆ ಅದರ ಉತ್ತರದ ತುದಿ, ಫಾರರ್ ಪಾರ್ಕ್ ಮೆಟ್ರೋ ನಿಲ್ದಾಣದ ಸುತ್ತಮುತ್ತ. ಈ ವ್ಯತ್ಯಾಸ ನಿಮ್ಮ ಕುಟುಂಬಕ್ಕೆ ಬಹಳ ಮುಖ್ಯ.

ಲಿಟಲ್ ಇಂಡಿಯಾ ಅಂದರೆ ಸೆರಂಗೂನ್ ರಸ್ತೆಯ ಉದ್ದಕ್ಕೂ ಹರಡಿದ ಪ್ರದೇಶ. ದಕ್ಷಿಣದ ತುದಿಯಲ್ಲಿ ಟೆಕ್ಕಾ ಮಾರುಕಟ್ಟೆ, ಕ್ಯಾಂಪ್‌ಬೆಲ್ ಲೇನ್, ಡನ್‌ಲಪ್ ಸ್ಟ್ರೀಟ್. ಫೋಟೋದಲ್ಲಿ ಕಾಣುವ ಬಣ್ಣಬಣ್ಣದ ಹಳೆಯ ಅಂಗಡಿ-ಮನೆಗಳು ಇಲ್ಲೇ ಇರುವುದು. ಅವುಗಳಲ್ಲಿ ಹಲವು ಈಗ ಸಣ್ಣ ಹೋಟೆಲ್ಲುಗಳಾಗಿವೆ, ಬೆಲೆಯೂ ಕಡಿಮೆ. ಅತ್ತೆಯವರನ್ನು ಅಲ್ಲಿ ಇಳಿಸಬೇಡಿ. ಆ ಕಟ್ಟಡಗಳ ಮುಂದೆ ಐದಡಿ ಅಗಲದ, ಮಾಡು ಇರುವ ಓಣಿಯಂಥ ಜಗಲಿ ಸಾಲಾಗಿ ಸಾಗುತ್ತದೆ. ಬಿಸಿಲು ಮಳೆಯಿಂದ ನಡೆಯುವವರಿಗೆ ರಕ್ಷಣೆ ಇರಲಿ ಎಂದು 1822ರ ಹೊತ್ತಿಗೆ ರಾಫಲ್ಸ್ ಸಾಹೇಬರು ಮಾಡಿದ ಊರಿನ ಯೋಜನೆಯಲ್ಲೇ ಇದರ ಕಟ್ಟಳೆ ಇತ್ತು. ಒಳ್ಳೆಯ ಯೋಚನೆಯೇ. ಆದರೆ ಪ್ರತಿ ಮನೆಯವರೂ ತಮ್ಮ ತಮ್ಮ ಮಟ್ಟಕ್ಕೆ ಜಗಲಿ ಕಟ್ಟಿಕೊಂಡದ್ದರಿಂದ ಹತ್ತು ಹೆಜ್ಜೆಗೊಮ್ಮೆ ಒಂದು ಮೆಟ್ಟಿಲು ಏರು, ಇನ್ನೊಂದು ಕಡೆ ಅರ್ಧ ಅಡಿ ಇಳಿ, ನಡುವೆ ಒಂದು ಹೂಕುಂಡ, ಅಂಗಡಿಯ ಸಾಮಾನು. ಮಂಡಿ ಆಪರೇಷನ್ ಆದವರಿಗೆ ಇಪ್ಪತ್ತು ಮೆಟ್ಟಿಲಿನ ಒಂದು ಏಣಿಗಿಂತ ಇಂಥ ಲೆಕ್ಕವಿಲ್ಲದ ಸಣ್ಣ ಏರಿಳಿತವೇ ಹೆಚ್ಚು ದಣಿವು. ಹೋಟೆಲಿನ ಒಳಗೂ ಕಿರಿದಾದ ಮರದ ಮೆಟ್ಟಿಲು ಇದ್ದು ಲಿಫ್ಟ್ ಇಲ್ಲದಿರಬಹುದು.

ಫಾರರ್ ಪಾರ್ಕ್ ಕಡೆ ಹೊಸ ಕಟ್ಟಡಗಳಿವೆ, ಸಮತಟ್ಟಾದ ಅಗಲ ಫುಟ್‌ಪಾತ್ ಇದೆ, ದೊಡ್ಡ ಹೋಟೆಲ್ಲುಗಳಲ್ಲಿ ಲಿಫ್ಟ್ ಇದೆ. ಮೆಟ್ರೋ ನಿಲ್ದಾಣದ ಮಗ್ಗುಲಲ್ಲೇ ಸಿಟಿ ಸ್ಕ್ವೇರ್ ಮಾಲ್ ಇದೆ. ತಣ್ಣಗೆ ಕೂರಲು, ಶೌಚಾಲಯಕ್ಕೆ, ಮಗನನ್ನು ಒಂದಷ್ಟು ಹೊತ್ತು ಓಡಾಡಿಸಲು ಅದು ಸಾಕು. ಸೆರಂಗೂನ್ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನ ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ. ದಸರಾ ಸಮಯವಾದ್ದರಿಂದ ನವರಾತ್ರಿಯ ಪೂಜೆ, ಅಲಂಕಾರ ಇರುತ್ತದೆ. ಅತ್ತೆಯವರು ಬೆಳಗಿನ ಹೊತ್ತು ಅಲ್ಲಿ ನೆಮ್ಮದಿಯಾಗಿ ಕೂತಿರಬಹುದು. ನಡುಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಕ್ಕೆ ಮುಂಚೆ ಹೋಗಿ. ಆ ದೇವಸ್ಥಾನದ ಹತ್ತಿರದಲ್ಲೇ ಅದೇ ರಸ್ತೆಯಲ್ಲಿ ನಮ್ಮ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರ ಹೋಟೆಲ್ ಇದೆ. 2013ರಲ್ಲಿ ಶುರು ಮಾಡಿದ್ದು. ರವೆ ಇಡ್ಲಿ, ಕಾಫಿ, ಬಿಸಿಬೇಳೆಬಾತು ಅಂದರೆ ಅತ್ತೆಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ. ಇನ್ನೂ ಕೆಳಗೆ ಬಂದರೆ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ. ಬಾಳೆಎಲೆಯ ಊಟ, ತಮಿಳು ರುಚಿ, ಆದರೂ ಅನ್ನ, ಸಾರು, ಮಜ್ಜಿಗೆ ಸಿಗುತ್ತದೆ. ಓರಗಿತ್ತಿಯವರ ಕಾಳಜಿಗೆ ಉತ್ತರ ಇಲ್ಲೇ ಸಿಕ್ಕಿತು.

ಅವರು ಕಳಿಸಿದ ಫ್ಲ್ಯಾಟಿನ ಲಿಂಕ್ ಮಾತ್ರ ಬೇಡ. ಸಿಂಗಪುರದಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ, ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟನ್ನು ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಎರಡು ರಾತ್ರಿಗೆ ಯಾರಾದರೂ ಮನೆ ಕೊಡುತ್ತೇವೆ ಎಂದರೆ ಅದು ಕದ್ದು ಮುಚ್ಚಿ ಕೊಡುವುದು. ಕೊನೆಗಳಿಗೆಯಲ್ಲಿ ಅವರು ಕೈ ಎತ್ತಿದರೆ ನೀವು ಐದು ಜನ ಬೀದಿಯಲ್ಲಿ ನಿಲ್ಲುತ್ತೀರಿ. ಪರವಾನಗಿ ಇರುವ ಸರ್ವಿಸ್ ಅಪಾರ್ಟ್‌ಮೆಂಟುಗಳಿವೆ, ಅವಕ್ಕೆ ತೊಂದರೆಯಿಲ್ಲ. ಆದರೆ ಎರಡು ದಿನಕ್ಕೆ ಅಕ್ಕಿ, ಬೇಳೆ ಹೊತ್ತು ಹೋಗಿ ರಜೆಯಲ್ಲೂ ನೀವೇ ಒಲೆ ಮುಂದೆ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ.

ಯಜಮಾನರ ಸ್ನೇಹಿತರ ಮಾತಿಗೆ ಬರುತ್ತೇನೆ. ಭಾನುವಾರ ಸಂಜೆ ಲಿಟಲ್ ಇಂಡಿಯಾದಲ್ಲಿ ಜನ ತುಂಬಿರುತ್ತಾರೆ, ಅದು ಸತ್ಯ. ಯಾರು ಆ ಜನ? ತಮಿಳುನಾಡಿನಿಂದ, ಆಂಧ್ರದಿಂದ, ಬಾಂಗ್ಲಾದೇಶದಿಂದ ಹೋಗಿ ಆ ಊರಿನ ಗಗನಚುಂಬಿಗಳನ್ನು, ಮೆಟ್ರೋ ಸುರಂಗಗಳನ್ನು ಕಟ್ಟುತ್ತಿರುವ, ಹಡಗು ಕಟ್ಟೆಗಳಲ್ಲಿ ದುಡಿಯುವ ಕೂಲಿಗಾರರು. ವಾರಕ್ಕೆ ಒಂದು ರಜೆ. ಊರಾಚೆಯ ವಸತಿಗೃಹಗಳಿಂದ ಬಸ್ಸು ಹತ್ತಿ ಬಂದು, ಮನೆಗೆ ದುಡ್ಡು ಕಳಿಸಿ, ತಮ್ಮ ಭಾಷೆಯವರ ಜತೆ ಒಂದೊತ್ತು ಊಟ ಮಾಡಿ, ಹುಲ್ಲಿನ ಮೇಲೆ ಕೂತು ಮಾತಾಡಿ ಹೋಗುತ್ತಾರೆ. 2013ರ ಡಿಸೆಂಬರ್‌ನಲ್ಲಿ ಅಲ್ಲಿನ ರೇಸ್ ಕೋರ್ಸ್ ರಸ್ತೆಯಲ್ಲಿ ಒಬ್ಬ ಕಾರ್ಮಿಕ ಬಸ್ಸಿನಡಿ ಸಿಕ್ಕಿ ಸತ್ತು, ಅದರ ಬೆನ್ನಿಗೇ ಗಲಭೆಯಾದದ್ದು ನಿಜ. ಆಮೇಲೆ ಆ ಪ್ರದೇಶದಲ್ಲಿ ಮದ್ಯದ ಮೇಲೆ ಬಿಗಿ ನಿಯಮ ಬಂತು, ಪೊಲೀಸ್ ಕಾವಲು ಹೆಚ್ಚಿತು. ಇವತ್ತು ನಿಮ್ಮ ಮಗಳನ್ನು ಕರೆದುಕೊಂಡು ರಾತ್ರಿ ಒಂಬತ್ತಕ್ಕೆ ಅಲ್ಲಿ ನಡೆಯಲು ಭಯಪಡಬೇಕಾದ್ದೇನೂ ಇಲ್ಲ. 'ಒಂಥರಾ ಜನ' ಎಂಬ ಮಾತು ನನಗೆ ನೋವು ತಂದಿತು. ನಮ್ಮ ಜಿಲ್ಲೆಗಳಿಂದಲೂ ಗಲ್ಫ್‌ಗೆ ಹೀಗೇ ದುಡಿಯಲು ಹೋದವರಿದ್ದಾರೆ. ಮಕ್ಕಳ ಕಿವಿಗೆ ಆ ಮಾತು ಬೀಳದಿರಲಿ. ಗದ್ದಲದಲ್ಲಿ ಅತ್ತೆಗೆ ನೂಕುನುಗ್ಗಲಾದೀತು ಅನ್ನುವ ಅಳುಕಿದ್ದರೆ ಭಾನುವಾರ ಸಂಜೆ ಐದರ ಹೊತ್ತಿಗೆ ಬೇರೆ ಕಡೆ ಹೊರಟುಬಿಡಿ, ರಾತ್ರಿ ಟ್ಯಾಕ್ಸಿಯಲ್ಲಿ ಹೋಟೆಲ್ ಬಾಗಿಲಿಗೇ ಬಂದು ಇಳಿಯಿರಿ. ಹೇಗೂ ಮಗಳಿಗೆ ಮರೀನಾ ಬೇ ತೋರಿಸಬೇಕಲ್ಲ.

ಗೇಲಾಂಗ್‌ನಲ್ಲಿ ರೂಮು ಅಗ್ಗ, ಅದೂ ನಿಜ. ಅಗ್ಗವಾಗಿರುವ ಕಾರಣವನ್ನು ಸ್ನೇಹಿತರು ಹೇಳಿಲ್ಲ. ಅದರ ಕೆಲವು ಅಡ್ಡರಸ್ತೆಗಳಲ್ಲಿ ವೇಶ್ಯಾಗೃಹಗಳಿವೆ, ಗಂಟೆ ಲೆಕ್ಕದಲ್ಲಿ ರೂಮು ಕೊಡುವ ಹೋಟೆಲ್ಲುಗಳಿವೆ. ಅಲ್ಲಿ ಒಳ್ಳೆಯ ಊಟದ ಜಾಗಗಳೂ ಇವೆ, ಕಳ್ಳಕಾಕರ ಭಯವೂ ಇಲ್ಲ. ಆದರೂ ಹದಿಹರೆಯದ ಮಗಳು, ಅತ್ತೆ ಜತೆಗಿರುವಾಗ ಆ ಮುಜುಗರ ಯಾಕೆ? ಬಿಟ್ಟುಬಿಡಿ.

ಮಗಳ ಆಸೆ ಚಿಕ್ಕದೇನಲ್ಲ, ಅದಕ್ಕೂ ಜಾಗ ಮಾಡಿ. ಅವಳು ಹೇಳುವುದು 2010ರಲ್ಲಿ ತೆರೆದ ಮರೀನಾ ಬೇ ಸ್ಯಾಂಡ್ಸ್. ಅದರ ತುದಿಯ ಈಜುಕೊಳಕ್ಕೆ ಆ ಹೋಟೆಲಿನಲ್ಲಿ ತಂಗಿದವರಿಗೆ ಮಾತ್ರ ಪ್ರವೇಶ. ಐದು ಜನಕ್ಕೆ ಅಲ್ಲಿ ಎರಡು ರೂಮು ಹಿಡಿದರೆ ಕ್ರೂಸಿನ ಖರ್ಚಿನ ಹತ್ತಿರಕ್ಕೆ ಬಂದೀತು. ಸೋಮವಾರದಿಂದ ಹಡಗಿನ ಮೇಲೆಯೇ ಈಜುಕೊಳ ಸಿಗುತ್ತದೆ ಎಂದು ಅವಳಿಗೆ ಹೇಳಿ. ಆ ಗೋಪುರವನ್ನು ನೋಡುವ ಸುಖ ಇರುವುದು ಹೊರಗಿನಿಂದ. ಭಾನುವಾರ ಸಂಜೆ ಗಾರ್ಡನ್ಸ್ ಬೈ ದ ಬೇಗೆ ಹೋಗಿ. ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಅಲ್ಲಿನ ಎತ್ತರದ ಉಕ್ಕಿನ ಮರಗಳಲ್ಲಿ ಸಂಗೀತದ ಜತೆ ದೀಪಗಳು ಹೊತ್ತಿ ಕುಣಿಯುತ್ತವೆ, ಅದಕ್ಕೆ ದುಡ್ಡಿಲ್ಲ. ಜನ ಹುಲ್ಲಿನ ಮೇಲೆ ಅಂಗಾತ ಮಲಗಿ ನೋಡುತ್ತಾರೆ; ಅತ್ತೆಗೆ ಕಟ್ಟೆಯ ಮೇಲೆ ಜಾಗ ಸಿಗಬೇಕಾದರೆ ಅರ್ಧ ಗಂಟೆ ಮೊದಲೇ ಹೋಗಿ. ಮೆಟ್ರೋದಲ್ಲಾದರೆ ಫಾರರ್ ಪಾರ್ಕ್‌ನಿಂದ ಒಂದು ನಿಲ್ದಾಣ ಬಂದು, ಲಿಟಲ್ ಇಂಡಿಯಾದಲ್ಲಿ ಡೌನ್‌ಟೌನ್ ಲೈನಿಗೆ ಬದಲಿಸಿ, ಅಲ್ಲಿಂದ ನಾಲ್ಕನೇ ನಿಲ್ದಾಣ ಬೇಫ್ರಂಟ್. ನಿಲ್ದಾಣಗಳಲ್ಲಿ ಲಿಫ್ಟ್ ಇರುತ್ತದೆ. ಬ್ಯಾಂಕಿನ ಕಾರ್ಡನ್ನೇ ಗೇಟಿಗೆ ಮುಟ್ಟಿಸಿ ಹೋಗಬಹುದು, ಆದರೆ ಒಂದು ಕಾರ್ಡಿಗೆ ಒಬ್ಬರೇ. ಮಗಳಿಗೆ ಇನ್ನೂ ಒಂದು ಮಾತು ಹೇಳಿ: ದೀಪಾವಳಿಗೆ ಮುಂಚಿನ ವಾರಗಳಲ್ಲಿ ಸೆರಂಗೂನ್ ರಸ್ತೆಗೆ ಅಡ್ಡಲಾಗಿ ಬಣ್ಣದ ದೀಪದ ಕಮಾನುಗಳನ್ನು ಕಟ್ಟುತ್ತಾರೆ. ಅವಳ ಫೋಟೋಗಳಿಗೆ ಹೋಟೆಲ್ ಬಾಗಿಲಲ್ಲೇ ಬೇಕಾದಷ್ಟು ಸಿಗುತ್ತದೆ.

ಒಂದು ಎಚ್ಚರಿಕೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಮರೀನಾ ಬೇ ಸುತ್ತಲಿನ ರಸ್ತೆಗಳಲ್ಲೇ ಫಾರ್ಮುಲಾ ಒನ್ ಕಾರ್ ರೇಸ್ ನಡೆಯುತ್ತದೆ, 2008ರಿಂದ. ಆ ವಾರಾಂತ್ಯ ರಸ್ತೆಗಳು ಮುಚ್ಚಿರುತ್ತವೆ, ಊರಿನ ಹೋಟೆಲ್ ದರ ಏರುತ್ತದೆ. ನಿಮ್ಮ ಶನಿವಾರ, ಭಾನುವಾರ ಅದೇ ಅಲ್ಲವೇ ಎಂದು ನೋಡಿಕೊಳ್ಳಿ. ಹೌದಾದರೆ ಮಗಳ ದೀಪದ ಮರಗಳನ್ನು ಕ್ರೂಸ್ ಮುಗಿಸಿ ಬಂದ ದಿನಕ್ಕೆ ಇಟ್ಟುಕೊಳ್ಳಿ.

ಫಾರರ್ ಪಾರ್ಕ್‌ನಲ್ಲಿ ಸರಿಯಾದ ರೂಮು ಸಿಗದಿದ್ದರೆ ಬುಗಿಸ್ ನೋಡಿ. ಅಲ್ಲಿನ ವಾಟರ್ಲೂ ಸ್ಟ್ರೀಟಿನಲ್ಲಿ ಚೀನೀಯರ ಕ್ವಾನ್ ಇಮ್ ದೇಗುಲ, ನಮ್ಮ ಶ್ರೀಕೃಷ್ಣ ದೇವಸ್ಥಾನ ಅಕ್ಕಪಕ್ಕದಲ್ಲೇ ಇವೆ. ಕ್ವಾನ್ ಇಮ್‌ಗೆ ಕೈಮುಗಿದ ಚೀನೀ ಭಕ್ತರು ಕೃಷ್ಣನ ಮುಂದೆಯೂ ಊದುಬತ್ತಿ ಹಚ್ಚಿ ಹೋಗುತ್ತಾರೆ. ಹತ್ತಿರದ ಫಾರ್ಚೂನ್ ಸೆಂಟರ್ ಎಂಬ ಹಳೆಯ ಕಟ್ಟಡದಲ್ಲಿ ಸಸ್ಯಾಹಾರಿ ಊಟದ ಅಂಗಡಿಗಳು ಹಲವು ಇವೆ. ಮಾಂಸದಂತೆಯೇ ಕಾಣುವ ಸೋಯಾ ತುಂಡುಗಳಿರುತ್ತವೆ, ಅತ್ತೆಯವರಿಗೆ ಮೊದಲೇ ಹೇಳಿಡಿ. ನಿಮ್ಮ ಹಡಗು ಹಾರ್ಬರ್‌ಫ್ರಂಟ್‌ನಿಂದ ಹೊರಡುವುದಾದರೂ ನನ್ನ ಸಲಹೆ ಬದಲಾಗುವುದಿಲ್ಲ. ಫಾರರ್ ಪಾರ್ಕ್‌ನಿಂದ ಅಲ್ಲಿಗೆ ಒಂದೇ ಮೆಟ್ರೋ ಲೈನ್, ಬದಲಿಸುವುದೇ ಬೇಡ.

ದುಡ್ಡು ಕಟ್ಟುವ ಮುಂಚೆ ಹೋಟೆಲ್ಲಿಗೆ ಬರೆದು ಕೇಳಬೇಕಾದ್ದು ಕೆಲವಿವೆ. ರೂಮಿಗೆ ಕಿಟಕಿ ಇದೆಯೇ? ಸಿಂಗಪುರದ ಅಗ್ಗದ ರೂಮುಗಳಲ್ಲಿ ಎಷ್ಟೋ ಕಡೆ ಕಿಟಕಿಯೇ ಇರುವುದಿಲ್ಲ, ವೆಬ್‌ಸೈಟಿನಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ರಸ್ತೆಯಿಂದ ಲಿಫ್ಟಿನವರೆಗೆ ಮೆಟ್ಟಿಲಿದೆಯೇ? ಬಚ್ಚಲಿಗೆ ಹೊಸ್ತಿಲು ಎತ್ತರವೇ, ಹಿಡಿದುಕೊಳ್ಳಲು ಕಂಬಿ ಇದೆಯೇ? ಮಂಚ ಗೋಡೆಗೆ ಅಂಟಿದೆಯೇ? ಇದು ಸಣ್ಣ ವಿಷಯದಂತೆ ಕಂಡೀತು. ಚಿಕ್ಕ ರೂಮುಗಳಲ್ಲಿ ಡಬಲ್ ಮಂಚವನ್ನು ಒಂದು ಬದಿ ಗೋಡೆಗೆ ಒತ್ತಿ ಹಾಕಿರುತ್ತಾರೆ. ಗೋಡೆ ಪಕ್ಕ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಬೇಕು, ಇಲ್ಲವೇ ಕಾಲ ಕಡೆಯಿಂದ ತೆವಳಿಕೊಂಡು ಇಳಿಯಬೇಕು. ಅತ್ತೆಯವರು ಮೊಮ್ಮಗಳ ನಿದ್ದೆ ಕೆಡಿಸಬಾರದೆಂದು ಬೆಳಗಿನವರೆಗೆ ತಡೆದುಕೊಂಡು ಮಲಗಿರುತ್ತಾರೆ, ಯಾರಿಗೂ ಹೇಳುವುದಿಲ್ಲ. ಬೇರೆ ಬೇರೆ ಮಂಚದ ಟ್ವಿನ್ ರೂಮು ಅತ್ತೆ ಮತ್ತು ಮಗಳಿಗೆ, ಪಕ್ಕದ್ದೇ ಇನ್ನೊಂದು ನಿಮಗೂ ಮಗನಿಗೂ. ಐದು ಜನರನ್ನು ಒಂದೇ ರೂಮಿಗೆ ಅಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ದರದ ಪಕ್ಕ ಎರಡು ಕೂಡಿಸುವ ಗುರುತು ಕಂಡರೆ, ಶೇಕಡಾ 10 ಸೇವಾಶುಲ್ಕ, ಅದರ ಮೇಲೆ ಶೇಕಡಾ 9 ಜಿಎಸ್‌ಟಿ ಇನ್ನೂ ಸೇರಬೇಕು ಎಂದರ್ಥ. ಎಲ್ಲ ಸೇರಿಸಿದ ಮೊತ್ತವನ್ನೇ ಹೋಲಿಸಿ ನೋಡಿ.

ಸೋಮವಾರಕ್ಕೆ ಒಂದೇ ಸಂಗತಿ ಮುಖ್ಯ. ಮಾಮೂಲಿ ಟ್ಯಾಕ್ಸಿಯಲ್ಲಿ ನಾಲ್ಕೇ ಜನ, ಮಗುವೂ ಲೆಕ್ಕಕ್ಕೆ. ನೀವು ಐದು ಜನ, ಮೇಲೆ ಪೆಟ್ಟಿಗೆಗಳು. ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರಿನಲ್ಲಾದರೆ 1.35 ಮೀಟರಿಗಿಂತ ಕಡಿಮೆ ಎತ್ತರದವರಿಗೆ ಮಕ್ಕಳ ಸೀಟು ಕಡ್ಡಾಯ. ನಾಲ್ಕನೇ ಕ್ಲಾಸಿನ ಹುಡುಗ ಅಷ್ಟು ಎತ್ತರ ಇರಲಿಕ್ಕಿಲ್ಲ. ಟ್ಯಾಕ್ಸಿಗಳಿಗೆ ಆ ನಿಯಮ ಇಲ್ಲ. ಹಾಗಾಗಿ ಏಳು ಸೀಟಿನ ಮ್ಯಾಕ್ಸಿ ಕ್ಯಾಬ್ ಅನ್ನು ಭಾನುವಾರವೇ ಹೋಟೆಲ್ ಕೌಂಟರಿನಲ್ಲಿ ಹೇಳಿ ಬುಕ್ ಮಾಡಿಸಿ. ವಿಮಾನ ನಿಲ್ದಾಣದಿಂದ ಬರುವಾಗಲೂ ಅದೇ. ಹಡಗಿನವರು ನಿಮಗೆ ಟರ್ಮಿನಲ್ ತಲುಪುವ ಸಮಯ ಕೊಟ್ಟಿರುತ್ತಾರೆ. ಮಧ್ಯಾಹ್ನದ ಹೊತ್ತಿನದು ಸಿಕ್ಕರೆ, ಹೋಟೆಲ್ ಖಾಲಿ ಮಾಡಿ ನೇರ ಹೊರಟುಬಿಡಬಹುದು. ಟರ್ಮಿನಲ್ ಬಾಗಿಲಲ್ಲೇ ದೊಡ್ಡ ಪೆಟ್ಟಿಗೆ ತೆಗೆದುಕೊಂಡು, ಅವರೇ ನಿಮ್ಮ ಕ್ಯಾಬಿನ್ನಿಗೆ ತಲುಪಿಸುತ್ತಾರೆ. ಮಾತ್ರೆ, ಪಾಸ್‌ಪೋರ್ಟ್ ಮಾತ್ರ ಕೈಚೀಲದಲ್ಲಿರಲಿ. ಇನ್ನೊಂದು: ಹಡಗು ಸಿಂಗಪುರ ಬಿಟ್ಟು ಬೇರೆ ದೇಶ ಮುಟ್ಟಿ ವಾಪಸ್ ಬರುವುದರಿಂದ ನೀವು ಸಿಂಗಪುರವನ್ನು ಎರಡು ಸಲ ಪ್ರವೇಶಿಸುತ್ತೀರಿ. ಐವರ ವೀಸಾದಲ್ಲೂ 'ಮಲ್ಟಿಪಲ್' ಅಂತ ಇದೆಯೇ ನೋಡಿ.

ಕೊನೆಗೆ, ನಿಮ್ಮ ಮೇಲೆ ಬರುವ ಮಾತು. ಅತ್ತೆಯವರು 'ಎಲ್ಲಿ ಹಾಕಿದ್ರೂ ಇರ್ತೀನಿ' ಅಂದದ್ದನ್ನು ಒಪ್ಪಿಗೆ ಅಂತ ತೆಗೆದುಕೊಳ್ಳಬೇಡಿ. ಮಗ-ಸೊಸೆಗೆ ಭಾರವಾಗಬಾರದು ಎಂದು ಆ ವಯಸ್ಸಿನವರು ಹೇಳುವ ಮಾತು ಅದು. 'ಅತ್ತೆ, ನಿಮಗೆ ಎಲ್ಲಿ ಬೇಕು' ಅಂತ ಕೇಳಿದರೆ ಅದೇ ಉತ್ತರ ಬರುತ್ತದೆ. ಉತ್ತರ ಹೇಳಲು ಆಗುವಂಥದನ್ನು ಕೇಳಿ: 'ಬೆಳಿಗ್ಗೆ ಇಳಿದ ತಕ್ಷಣ ಮಲಗ್ತೀರಾ, ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗ್ತೀರಾ? ಒಂದೇ ಸಲಕ್ಕೆ ಎಷ್ಟು ದೂರ ನಡೆಯೋಕಾಗುತ್ತೆ, ನಮ್ಮ ಮನೆಯಿಂದ ಬಸ್ ಸ್ಟಾಪಿನಷ್ಟಾ? ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಹೇಳಲಾ?' ಆಗ ಅವರು ಮನಸ್ಸು ಬಿಟ್ಟು ಹೇಳುತ್ತಾರೆ. ಆಮೇಲೆ ಒಂದು ರಾತ್ರಿ ಊಟದ ಹೊತ್ತಲ್ಲಿ ಎಲ್ಲರೂ ಇರುವಾಗ, ಬುಕ್ ಮಾಡುವ ಮುಂಚೆ, ಜಾಗ, ದರ ಮತ್ತು ಅದನ್ನು ಆರಿಸಿದ ಕಾರಣವನ್ನು ಬಾಯಿಬಿಟ್ಟು ಹೇಳಿ. ಯಜಮಾನರಿಗೆ ಟರ್ಮಿನಲ್ ಖಚಿತಪಡಿಸಿ ಕ್ಯಾಬ್ ಹೇಳುವ ಕೆಲಸ ವಹಿಸಿ. ಮಗಳಿಗೆ ಭಾನುವಾರ ಸಂಜೆಯ ಯೋಜನೆ ಪೂರ್ತಿ ಬಿಟ್ಟುಕೊಡಿ. ಒಬ್ಬರೇ ಕೂತು ಐದು ಜನರ ಖುಷಿಯ ಹೊಣೆ ಹೊರುವುದು ನ್ಯಾಯವಲ್ಲ, ಅದನ್ನು ನಿಮ್ಮ ಮನೆಯವರಿಗೆ ನೀವೇ ಹೇಳಬೇಕು.

ಶುಕ್ರವಾರ ಬೆಳಿಗ್ಗೆ ಹಡಗಿನಿಂದ ಇಳಿದ ಮೇಲೆ ವಿಮಾನ ರಾತ್ರಿಯದಾದರೆ ಹೋಟೆಲ್ ಮತ್ತೆ ಹಿಡಿಯುವುದು ಬೇಡ. ಚಾಂಗಿ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಇಡುವ ಕೌಂಟರ್ ಇದೆ. ಅಲ್ಲಿಟ್ಟು, ಪಕ್ಕದ ಜ್ಯುಯೆಲ್ ಕಟ್ಟಡದೊಳಗಿನ 40 ಮೀಟರ್ ಎತ್ತರದ ಜಲಪಾತದ ಸುತ್ತ ಕೂರಿ. ಒಳಗೆಲ್ಲ ಲಿಫ್ಟ್, ಎಸ್ಕಲೇಟರ್ ಇವೆ, ಕೂರಲು ಜಾಗವಿದೆ. ರೇಸಿನ ಗದ್ದಲದಿಂದಾಗಿ ಉಕ್ಕಿನ ಮರಗಳು ಬಾಕಿ ಉಳಿದಿದ್ದರೆ ಮಗಳನ್ನು ಯಜಮಾನರು ಕರೆದೊಯ್ದು 7.45ರ ಪ್ರದರ್ಶನ ತೋರಿಸಿಕೊಂಡು ಬರಲಿ, ವಿಮಾನ ಹನ್ನೊಂದರ ನಂತರದ್ದಾಗಿದ್ದರೆ ಮಾತ್ರ.